ಮೂಲೆಯಿಂದ ಮೂಲೆಗೆ

ಅವತ್ತು ಶನಿವಾರ. ಬೆಳಗಿನ ಶಾಲೆ ಮುಗಿಸಿ ಅಜ್ಜಂಪುರದಿಂದ ತರೀಕೆರೆ ಬಸ್ಸು ಹತ್ತಿದೆ. ಮಕ್ಕಳಿಗಾಗಿ ರೇಖಾಗಣಿತದ ಪ್ರೋಗ್ರಾಂ ಬರೆಯುತ್ತೇನೆ. ಲ್ಯಾಪ್‌ಟಾಪಿನ ಸಣ್ಣ ಪರದೆ ಸಾಲುತ್ತಿರಲಿಲ್ಲ. ದೊಡ್ಡ ಮಾನಿಟರ್ ಇಡಲು ಮನೆಯಲ್ಲಿರುವುದು ಹೋದ ವರ್ಷ ತೀರಿಕೊಂಡ ನನ್ನ ಹೆಂಡತಿಯ ಹೊಲಿಗೆ ಮೇಜು ಒಂದೇ. ಗೋಡೆಗೂ ಬೀರುವಿಗೂ ನಡುವೆ ಬಿಗಿಯಾಗಿ ಕೂತಿದೆ. ಅದನ್ನು ಅಲ್ಲಿಂದ ಸರಿಸಲು ನನಗೆ ಮನಸ್ಸಿಲ್ಲ. ಅವಳ ಟೇಪಿನಲ್ಲೇ ಅಳೆದಿದ್ದೆ: ಮೂವತ್ತಮೂರು ಇಂಚು.

ಅಲ್ಲಿನ ಕಂಪ್ಯೂಟರ್ ಅಂಗಡಿಯಾಕೆ ನನ್ನ ಹಳೆಯ ವಿದ್ಯಾರ್ಥಿನಿ. ಅಗಲದ ಪರದೆಯೊಂದರಲ್ಲಿ ಎರಡು ಫೈಲು ಅಕ್ಕಪಕ್ಕ ತೆರೆದು ತೋರಿಸಿದಳು.

“ಮೂವತ್ನಾಲ್ಕು ಇಂಚು ಸಾರ್. ಪ್ರೋಗ್ರಾಮಿಂಗಿಗೆ ಹೇಳಿ ಮಾಡ್ಸಿದ್ದು.”

“ಬೇಡಮ್ಮ. ನನ್ನ ಜಾಗ ಮೂವತ್ಮೂರೇ. ಒಂದಿಂಚು ಹೆಚ್ಚಾಯ್ತು.”

ಅವಳು ನಕ್ಕುಬಿಟ್ಟಳು. “ಅಡ್ಡ ಅಳೆದ್ರಾ? ಇವರು ಹೇಳೋ ಇಂಚು ಮೂಲೆಯಿಂದ ಮೂಲೆಗೆ. ಕರ್ಣ ಸಾರ್, ಕರ್ಣ! ಇದು ಬರ್ಲಿಲ್ಲ ಅಂತ್ಲೇ ನನ್ನ ಬೆಂಚ್ ಮೇಲೆ ನಿಲ್ಸಿದ್ರಿ.”

ಟೇಪು ಹಿಡಿದು ತೋರಿಸಿದಳು. ಅಗಲ ಮೂವತ್ತೆರಡೇ. ಗಣಿತದ ಮೇಷ್ಟ್ರಾದ ನನ್ನ ಕಿವಿ ಬಿಸಿಯಾಯಿತು, ಆದರೆ ಮನಸ್ಸು ಹಗುರವಾಯಿತು.

ಮೇಜು ಇದ್ದಲ್ಲೇ ಇದೆ. ಮಾನಿಟರಿನ ಪಕ್ಕದಲ್ಲಿ ಒಂದು ಇಂಚು ಜಾಗ ಉಳಿದಿದೆ. ಅಲ್ಲಿ ನನ್ನ ಹೆಂಡತಿಯ ನೀಲಿ ದಾರದ ರೀಲು ಇದೆ.