ಕರ್ನಲ್‌ಗಾಗಿ ಬೀಳುತ್ತಿದ್ದವನು

ಕರ್ನಲ್ ಸಿನಿಮಾಗಳು ಇಲ್ಲಿಯವರೆಗೆ ಆರು ಬಂದಿವೆ. ಆರರಲ್ಲೂ ಕರ್ನಲ್ ಮಣ್ಣಿನ ಕೋಟೆಯ ಗೋಡೆಯಿಂದ ಬೀಳುತ್ತಾನೆ, ಆರರಲ್ಲೂ ಬದುಕುತ್ತಾನೆ. ಬೀಳುವವನು ಕರ್ನಲ್ ಪಾತ್ರದ ವಿದೇಶಿ ನಟನಲ್ಲ, ನನ್ನ ಅಕ್ಕ ತೂದಾಳ ಗಂಡ ದಾವೂದ್. ಸಿನಿಮಾ ಸ್ಟುಡಿಯೋಗಳಿರುವ ನಮ್ಮ ಮರಳುಗಾಡಿನ ಊರು ವಾರ್ಜಾಜತ್‌ಗೆಲ್ಲ ಇದು ಗೊತ್ತು. ಊರಾಚೆ ಯಾರಿಗೂ ಗೊತ್ತಿಲ್ಲ.

ಇಪ್ಪತ್ತಾರು ವರ್ಷ ಅವನು ಆ ನಟನ ಮೈಯನ್ನೇ ಹೊತ್ತು ತಿರುಗಿದ. ನಟ ಸಣ್ಣಗಾದರೆ ಇವನು ಊಟ ಬಿಟ್ಟ. ನಟನಿಗೆ ಹೊಟ್ಟೆ ಬಂದರೆ ಇವನು ರೊಟ್ಟಿಯನ್ನು ಆಲಿವ್ ಎಣ್ಣೆಯಲ್ಲಿ ಅದ್ದಿ ಅದ್ದಿ ತಿಂದ. ನಾನು ಸ್ಟುಡಿಯೋದ ದರ್ಜಿ, ಇಬ್ಬರ ಅಳತೆಯನ್ನೂ ತೆಗೆದವನು. ಐದನೆಯ ಚಿತ್ರದ ನಂತರ ನಟನ ಸೊಂಟಕ್ಕೆ ಲೋಹದ ಕೀಲು ಹಾಕಿದರು. ದಾವೂದನದು ಹುಟ್ಟಿದಾಗಿನ ಮೂಳೆಯೇ, ಅದೂ ಸವೆದದ್ದು.

ಆರನೆಯದು ಬರುತ್ತದೆ ಎಂಬ ಸುದ್ದಿಗೆ ಚಹಾದಂಗಡಿಯಲ್ಲಿ ಜಗಳವೇ ಆಯಿತು.

"ಆ ಮುದುಕ ಕರ್ನಲ್‌ನ ಇನ್ನೂ ಯಾಕ್ರೋ ಕುಣಿಸ್ತೀರಿ? ಕಥೆ ಮೂರನೇದ್ರಲ್ಲೇ ಮುಗ್ದೋಗಿತ್ತು," ಅಂದೆ ನಾನು.

"ನಿನಗೇನಪ್ಪ, ಹೊಲಿಗೆ ಮಷಿನ್ ಇದೆ," ಅಂದ ಚಿತ್ರಗಳಿಗೆ ಒಂಟೆ ಕೊಡುವ ಬೆನ್ನಾಸರ್. "ಕರ್ನಲ್ ಸತ್ರೆ ನನ್ನ ಒಂಟೆಗಳು ಏನ್ಮಾಡ್ಬೇಕು, ಶಾಲೆಗೆ ಸೇರ್ಕೋಬೇಕಾ?"

ಎಲ್ಲರೂ ನಕ್ಕರು, ದಾವೂದ್ ನಗಲಿಲ್ಲ. ಇದೇ ಕೊನೆಯ ಸಲ ಎಂದು ತೂದಾಳಿಗೆ ಆಣೆ ಇಟ್ಟಿದ್ದ. ನಿರ್ದೇಶಕನ ಬಳಿ ಹೋಗಿ, ಈ ಸಲ ಕರ್ನಲ್‌ನನ್ನು ಸಾಯಿಸಿಬಿಡಿ ಎಂದೂ ಕೇಳಿಕೊಂಡಿದ್ದ. ನಿರ್ದೇಶಕ ಬೆನ್ನು ತಟ್ಟಿ ಕಳಿಸಿದ.

"ಕರ್ನಲ್ ಬದುಕಿರೋ ತನಕ ನಾನು ಬೇಡ ಅನ್ನಕ್ಕಾಗಲ್ಲ ಕಣೋ ಯಿದಿರ್," ಅಂದ ದಾವೂದ್ ನನಗೆ. "ಆ ಅಂಗಿ ಹಾಕ್ಕೊಂಡು ಬೇರೆ ಯಾವನೋ ಬೀಳೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ."

ನನಗೆ ಸಿಟ್ಟು ಬಂತು. ಆದರೂ ಅಂಗಿ ಹೊಲಿದೆ.

ಬೀಳುವವರ ಹಾಸಿಗೆ ಎಂದರೆ ಖಾಲಿ ರಟ್ಟಿನ ಡಬ್ಬಗಳು. ಒಂದರ ಮೇಲೊಂದು ಜೋಡಿಸಿ, ಸುತ್ತ ಹಗ್ಗ ಬಿಗಿದು, ಮೇಲೆ ಚಾಪೆ ಹಾಸುತ್ತಾರೆ. ಬೀಳುವವನೇ ಅದನ್ನು ಹಾಸಿಕೊಳ್ಳಬೇಕು, ಬೇರೆಯವರು ಮುಟ್ಟುವಂತಿಲ್ಲ ಎಂಬುದು ಅವರ ಕಟ್ಟುಪಾಡು. ಇಷ್ಟು ವರ್ಷ ದಾವೂದ್ ನನ್ನನ್ನು ಅದರ ಹತ್ತಿರ ಸೇರಿಸಿದ್ದೇ ಇಲ್ಲ. ಆ ಬೆಳಿಗ್ಗೆ ಅವನ ಸೊಂಟ ಬಗ್ಗಲಿಲ್ಲ. ಇದ್ದ ಶಕ್ತಿಯನ್ನು ಗೋಡೆ ಹತ್ತಲು ಉಳಿಸಿಕೊಳ್ಳಬೇಕಿತ್ತು.

"ನಾನು ಜೋಡಿಸ್ತೀನಿ ಭಾವ, ನೀನು ಕೂತ್ಕೊ," ಅಂದೆ.

ಹಗ್ಗದ ಸುರುಳಿಯನ್ನು ನನ್ನ ಕೈಗೆ ಕೊಟ್ಟ. "ಬೇರೆಯವರಾಗಿದ್ರೆ ಮುಟ್ಟೋಕೆ ಬಿಡ್ತಿರಲಿಲ್ಲ," ಅಂದ.

ಡಬ್ಬಗಳ ಬಾಯಿ ತೆರೆದೇ ಇತ್ತು. ನಾನು ದರ್ಜಿ, ಬಿಚ್ಚಿಕೊಂಡದ್ದನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಗಟ್ಟಿಯಾಗಿರಲಿ ಎಂದು ಪ್ರತಿ ಡಬ್ಬದ ಬಾಯಿಗೂ ಎರಡೆರಡು ಸುತ್ತು ಅಂಟುಪಟ್ಟಿ ಹಾಕಿದೆ. ಗಾಳಿ ಹೊರಗೆ ಹೋಗಲೆಂದೇ ಬಾಯಿ ತೆರೆದಿಡುತ್ತಾರೆ, ಡಬ್ಬ ಕುಸಿದರೆ ಮಾತ್ರ ಮನುಷ್ಯ ಉಳಿಯುತ್ತಾನೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಚಾಪೆ ಹಾಸಿದ ಮೇಲೆ ಅಂಟುಪಟ್ಟಿ ಕಾಣಲಿಲ್ಲ. ಗೋಡೆಯ ಮೇಲಿಂದ ಅವನು ಕೈ ಎತ್ತಿದ, ಕೆಳಗಿಂದ ನಾನೂ ಎತ್ತಿದೆ.

ಬೀಳುವುದೇನೋ ಚೆನ್ನಾಗಿಯೇ ಬಿದ್ದ. ಬೆನ್ನು ಮುರಿಯಿತು. ಅವನನ್ನು ಎತ್ತಿದ ಮೇಲೆ ನೋಡಿದರೆ ಒಂದು ಡಬ್ಬವೂ ಕುಸಿದಿರಲಿಲ್ಲ.

"ಹಾಸಿಗೆ ನಾನೇ ಹಾಕ್ಕೊಂಡಿದ್ದು," ಅಂದ ದಾವೂದ್, ಕೇಳಿದವರಿಗೆಲ್ಲ. ನಾನು ಬಾಯಿ ಬಿಡಲಿಲ್ಲ. ಹೇಡಿ ನಾನು, ಇನ್ನೇನು ಹೇಳಲಿ.

ವರ್ಷ ಕಳೆದು ಒಂದು ಶುಕ್ರವಾರ, ಮಧ್ಯಾಹ್ನದ ಕೂಸ್‌ಕೂಸ್ ಊಟ ಮುಗಿಸಿ ಮನೆಯ ಟಿವಿಯಲ್ಲಿ ಆ ಚಿತ್ರ ನೋಡಿದೆವು. ದಾವೂದ್ ಮಂಚದ ಮೇಲೆ ಮಲಗಿಯೇ ನೋಡಿದ. ಕರ್ನಲ್ ಗೋಡೆಯಿಂದ ಬಿದ್ದ, ಎದ್ದ, ಅಂಗಿಯ ಧೂಳು ಕೊಡವಿದ, ಒಂಟೆ ಹತ್ತಿ ಹೊರಟುಹೋದ.

"ಏಳನೇದೂ ಮಾಡ್ತಾರೆ," ಅಂದ ದಾವೂದ್.

"ಮಾಡ್ಲಿ ಬಿಡು," ಅಂದಳು ತೂದಾ, ಚಹಾ ಬಗ್ಗಿಸುತ್ತ. "ಅದ್ರಲ್ಲಿ ಬೀಳೋನಿಗಾದ್ರೂ ತನ್ನ ಹಾಸಿಗೆ ನೆಟ್ಟಗೆ ಹಾಕ್ಕೊಳ್ಳೋಕೆ ಬರ್ಲಿ. ಇಪ್ಪತ್ತಾರು ವರ್ಷ ಆದ್ರೂ ನಿನಗೆ ಬರ್ಲಿಲ್ಲ."

ವರ್ಷವಿಡೀ ಅವಳದು ಇದೇ ಮಾತು. ಅವನು ಎಂದಿನಂತೆ ಕಣ್ಣು ಮುಚ್ಚಿಕೊಂಡ. ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

"ಅಕ್ಕಾ, ಆವತ್ತು ಜೋಡಿಸಿದ್ದು ನಾನು. ಡಬ್ಬದ ಬಾಯಿ ಮುಚ್ಚಿದ್ದೂ ನಾನೇ."

"ಸುಮ್ನಿರೋ ಯಿದಿರ್," ಅಂದ ದಾವೂದ್, ಕಣ್ಣು ತೆರೆಯದೆ.

ತೂದಾ ನನ್ನತ್ತ ತಿರುಗಲಿಲ್ಲ. ಒಂದು ಕೈಯನ್ನು ಗಂಡನ ಹಣೆಯ ಮೇಲಿಟ್ಟಳು. ಇನ್ನೊಂದು ಕೈಯಿಂದ ನನಗೆಂದು ಬಗ್ಗಿಸಿಟ್ಟಿದ್ದ ಚಹಾದ ಲೋಟವನ್ನು ತನ್ನ ಕಡೆಗೆ ಎಳೆದುಕೊಂಡಳು.