ನಿಂತ ಹಡಗಿನಲ್ಲಿ ಮಗಳು

ಮೊದಲ ದಿನ ಹಡಗು ಹತ್ತಿದಾಗ ಗೋಡೆ ಹಿಡಿದೇ ನಡೆದೆ. ನೆಲ ಅಲುಗಲೇ ಇಲ್ಲ. ಮಲ್ಪೆಯಲ್ಲಿ ದಡಕ್ಕೆ ಕಟ್ಟಿದ ದೋಣಿಯೂ ತೂಗುತ್ತಿರುತ್ತದೆ. ಇದು ದುಬೈ ಬಂದರಿನಲ್ಲಿ ಸರ್ಕಾರಿ ಕಟ್ಟಡದಂತೆ ನಿಂತಿತ್ತು.

ಸ್ಕಾಟ್ಲೆಂಡಿನಲ್ಲಿ ಕಟ್ಟಿದ ಹಡಗು. ದಶಕಗಳ ಕಾಲ ಇಂಗ್ಲೆಂಡಿನಿಂದ ನ್ಯೂಯಾರ್ಕಿಗೆ ಜನರನ್ನು ದಾಟಿಸಿತು, ನಡುವೆ ಒಂದು ಯುದ್ಧಕ್ಕೆ ಸೈನಿಕರನ್ನೂ ಹೊತ್ತಿತು. ಇಲ್ಲಿಗೆ ಬಂದು ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದು, ಈಗ ಹೋಟೆಲು. ಇತಿಹಾಸದಲ್ಲಿ ಎಂ.ಎ. ಮಾಡಿದ ನಾನು ಪ್ರವಾಸಿಗರಿಗೆ ಅದರ ಕಥೆ ಹೇಳುತ್ತೇನೆ. ಹೇಳಿ ಹೇಳಿ, ಕಾಣದ ಬಿರುಗಾಳಿಗಳೂ ನನ್ನವೇ ಅನಿಸುತ್ತವೆ. ಮಗಳ ಮೊದಲ ಹಲ್ಲು ಯಾವಾಗ ಬಿತ್ತೆಂದು ಮಾತ್ರ ಉಡುಪಿಗೆ ಫೋನ್ ಮಾಡಿ ಕೇಳಬೇಕು.

ವಾಸ ಸತ್ವಾ ಎಂಬ ಬಡಾವಣೆಯ ಹಳೆಯ ವಿಲ್ಲಾದ ‘ಬೆಡ್‌ಸ್ಪೇಸ್’ನಲ್ಲಿ, ಅಂದರೆ ಒಂದು ಮಂಚ, ಸುತ್ತ ಒಂದು ಪರದೆ. ಊರಿನ ಮನೆಯಲ್ಲಿ ಅಷ್ಟು ಜಾಗದಲ್ಲಿ ಒಣಗಿದ ಬಟ್ಟೆ ರಾಶಿ ಹಾಕುತ್ತಿದ್ದೆವು. ಪರದೆಯಾಚೆ ಉಳ್ಳಾಲದ ಜೊಹರಾ. ಆರು ವರ್ಷದ ಮಗಳು ಶ್ರಾವ್ಯ ಅಪ್ಪನ ಜೊತೆ ವಿಸಿಟ್ ವೀಸಾದಲ್ಲಿ ಬರುತ್ತಾಳೆಂದಾಗ ನನಗೆ ಒಂದೇ ಹೆದರಿಕೆ: ಫೋನಿನಲ್ಲಿ ಮಾತು ಬಿಟ್ಟವಳು ಹತ್ತಿರ ಬಂದಾಳೇ?

“ಮರ್ತಿರುದಿಲ್ಲ ಮಾರಾಯ್ತಿ, ಸಿಟ್ಟು ಅಷ್ಟೆ. ಸಿಟ್ಟಿದ್ರೆ ಒಳ್ಳೇದು,” ಎಂದಳು ಜೊಹರಾ.

ವಿಮಾನ ನಿಲ್ದಾಣದಲ್ಲಿ ಶ್ರಾವ್ಯ ಅಪ್ಪನ ಬೆನ್ನ ಹಿಂದೆ ಅಡಗಿ ಪಿಸುಗುಟ್ಟಿದಳು: “ಇವರಿಗೆ ನಮಸ್ಕಾರ ಮಾಡ್ಬೇಕಾ?”

ಮರುದಿನ ಇಬ್ಬರನ್ನೂ ಹಡಗಿಗೆ ಕರೆದೊಯ್ದೆ. ಬಿರುಗಾಳಿಯಲ್ಲಿ ತಟ್ಟೆಗಳು ಜಾರದಂತೆ ಮೇಜಿನ ಬಟ್ಟೆಯನ್ನೇ ಒದ್ದೆ ಮಾಡುತ್ತಿದ್ದರು ಎನ್ನುತ್ತಾ ಊಟದ ಕೋಣೆಯಲ್ಲಿ ನೀರು ಚಿಮುಕಿಸಿ ತಟ್ಟೆ ಇಟ್ಟೆ. ಅವಳು ಮೇಜು ಅಲುಗಿಸಿದಳು. ತಟ್ಟೆ ಜಾರಲಿಲ್ಲ.

“ಇನ್ನೂ ಜೋರು ಗಾಳಿ! ನೀನೂ ಹಿಡಿ ಅಮ್ಮ!”

ಇಬ್ಬರೂ ಸೇರಿ ಅಟ್ಲಾಂಟಿಕ್ ದಾಟಿದೆವು. ಆಮೇಲೆ ಕೇಳಿದಳು, “ಇದು ಊರಿಗೆ ಯಾವಾಗ ಹೊರಡ್ತದೆ?”

“ಹೊರಡುದಿಲ್ಲ ಮಗಾ. ಇಲ್ಲೇ ಇರ್ತದೆ.”

“ಮತ್ತೆ ನೀನು ಯಾಕೆ ಇಳಿದು ಬರುದಿಲ್ಲ?”

“ನಿನ್ನದೇ ಮಗಳು, ವಾದದಲ್ಲಿ ಸೋಲುದಿಲ್ಲ,” ಎಂದು ಅವಳಪ್ಪ ನಕ್ಕರು. ಸಂಬಳ, ವೀಸಾ, ಅವಳ ಶಾಲೆಯ ಫೀಸು ಎಂದು ಮನಸ್ಸಿನಲ್ಲೇ ಎಣಿಸುತ್ತಾ ಒದ್ದೆ ಮೇಜುಬಟ್ಟೆ ಎಳೆದು ಸರಿಮಾಡಿದೆ.

ಅವಳ ಕೈ ಹಿಡಿದು ಮೆಟ್ಟಿಲಿಳಿದೆ. ಕೆಳಗೆ ಟ್ಯಾಕ್ಸಿ ನಿಂತಿತ್ತು, ಮೇಲೆ ಪ್ರವಾಸಿಗರ ಮುಂದಿನ ಗುಂಪು ನನಗಾಗಿ ಕಾಯುತ್ತಿತ್ತು. ಅವಳು ಟ್ಯಾಕ್ಸಿಯತ್ತ ಎಳೆದಳು, ನಾನು ಮೇಲೆ ಹೋಗಬೇಕಿತ್ತು. ಆ ಕೈಯನ್ನು ಮೊದಲು ಬಿಡಿಸಿಕೊಂಡದ್ದು ಯಾರು? ಅವಳೇ ಎಂದು ನೆನಪು ಹೇಳುತ್ತದೆ. ನನಗೆ ಅಷ್ಟು ಅನುಕೂಲವಾದ ನೆನಪನ್ನು ಹೇಗೆ ನಂಬಲಿ?