ಹುಸೇನಬಿಯ ಹೊಸ್ತಿಲು, ಪಂಚಾಯಿತಿಯ ಕಟ್ಟೆ

ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಇಷ್ಟು ಖಚಿತವಾಗಿ ಹೇಳಲು ಕಾರಣ ನನ್ನ ಮೊಬೈಲಿನಲ್ಲಿರುವ ಒಂದು ಫೋಟೋ. ಮೂರು ವರ್ಷದ ಹೆಣ್ಣುಮಗುವಿನ ಮೊಣಕೈ, ಅದರ ಮೇಲೆ ನೀರು ತುಂಬಿದ ನಾಲ್ಕೈದು ಗುಳ್ಳೆ. ಡಾಕ್ಟರಿಗೆ ಕಳಿಸಿ ಕೇಳೋಣವೆಂದು ತೆಗೆದದ್ದು. ಮಗು ಬೀದಿಯ ನಲ್ಲಿಯ ಹತ್ತಿರ ಒಂಟಿಯಾಗಿ ಆಡುತ್ತಿತ್ತು. ಮನೆಯವರನ್ನು ಕೂಗಿ ಕೇಳಬೇಕಿತ್ತು, ಕೇಳಲಿಲ್ಲ. ಅಳದಿರಲಿ ಎಂದು ಕೋಟಿನ ಜೇಬಿನಿಂದ ಒಂದು ಪೆಪ್ಪರಮಿಂಟು ಕೊಟ್ಟೆ. ನಮ್ಮೂರಿನಲ್ಲಿ ಸೂಜಿ ಚುಚ್ಚುವ ನರ್ಸಮ್ಮನ ಜೇಬಿನಲ್ಲಿ ಯಾವಾಗಲೂ ಪೆಪ್ಪರಮಿಂಟು ಇರುತ್ತಿತ್ತು. ತಲೆ ಎತ್ತಿದಾಗ ನಾಲ್ವರು ಗಂಡಸರು ಎದುರಿಗೆ ನಿಂತಿದ್ದರು.

ಆ ಫೋಟೋ ಅಳಿಸಬೇಕೆಂದು ಎಷ್ಟೋ ಸಲ ಬೆರಳು ಇಟ್ಟಿದ್ದೇನೆ. ಅಳಿಸಲಾಗಿಲ್ಲ.

ನಾನು ಚಾಮರಾಜನಗರದ ಕಡೆಯವಳು. ನರ್ಸಿಂಗ್ ಪದವಿ ಮುಗಿಸಿ, ಹಳ್ಳಿಯ ಉಪಕೇಂದ್ರದಲ್ಲಿ ಆರೋಗ್ಯ ಅಧಿಕಾರಿಯ ಕೆಲಸ ಸಿಕ್ಕಿ ಕಲಘಟಗಿ ತಾಲ್ಲೂಕಿಗೆ ಬಂದೆ. ಉಪಕೇಂದ್ರ ಇರುವುದು ದೇವಿಕೊಪ್ಪದ ದಾರಿಯ ಒಂದು ಸಣ್ಣ ಊರಿನಲ್ಲಿ. ವಾಸ ಕಲಘಟಗಿಯಲ್ಲಿ, ಬಣ್ಣದ ತೊಟ್ಟಿಲು ಮಾಡುವವರ ಮನೆಯ ಹಿಂದಿನ ಖೋಲಿಯಲ್ಲಿ. ಕೋಣೆಗೆ ಇಲ್ಲಿ ಖೋಲಿ ಎನ್ನುತ್ತಾರೆ. ಬೀಗದ ಕೈ ಕೊಡುವ ಮೊದಲು ಮನೆಯೊಡತಿ ಕಾಕೂ ಕೇಳಿದ್ದು ಒಂದೇ ಪ್ರಶ್ನೆ.

“ಯಾರ ಪೈಕಿ ನೀವು?”

ಯಾರ ಕಡೆಯವಳು, ಯಾರ ಬಂಧು ಎಂದು ಅದರ ಅರ್ಥ. ನಾನು, “ಯಾರ ಪೈಕಿಯೂ ಅಲ್ಲ, ಕೆಲಸಕ್ಕೆ ಬಂದಿದ್ದೀನಿ” ಅಂದೆ.

“ಹಂಗ ಹೆಂಗ ಆಗತೈತಿ? ಭೂಮಿ ಮ್ಯಾಲ ಹುಟ್ಟಿದವ್ರು ಯಾರದರ ಪೈಕಿ ಇರಬೇಕಲ್ಲ!”

ನಮ್ಮ ಕಡೆ ಬಾಡಿಗೆಗೆ ಬಂದವರ ಹತ್ತಿರ ಮೊದಲು ಮುಂಗಡದ ಮಾತು ಆಡುತ್ತಾರೆ, ಬಂಧುಬಳಗವನ್ನು ಆಮೇಲೆ ನಿಧಾನವಾಗಿ ಕೆದಕುತ್ತಾರೆ. ಇಲ್ಲಿ ಎಲ್ಲವೂ ಬಾಗಿಲಲ್ಲೇ ಆಗಬೇಕು, ಅದೂ ದೊಡ್ಡ ದನಿಯಲ್ಲಿ. ಮೊದಲ ವಾರ ಎಲ್ಲರೂ ನನ್ನನ್ನು ಬೈಯುತ್ತಿದ್ದಾರೆಂದೇ ತಿಳಿದಿದ್ದೆ. “ಏ, ಉಂಡಿಯೋ ಇಲ್ಲೋ? ಹಸದ ಸಾಯ್ತಿಯೇನ?” ಎಂದು ಕಾಕೂ ರೊಟ್ಟಿಯ ತಟ್ಟೆ ಕುಕ್ಕಿ ಹೋದ ದಿನ ಖೋಲಿಯಲ್ಲಿ ಕುಳಿತು ಅತ್ತಿದ್ದೆ. ಆಶಾ ಕಾರ್ಯಕರ್ತೆ ಗಂಗವ್ವ ಕೇಳಿ ನಕ್ಕುಬಿಟ್ಟಳು. “ಅದು ಪ್ರೀತಿರಿ ಅಕ್ಕಾರ! ಸಿಟ್ಟು ಬಂದಿದ್ರ ಮಾತಾಡಸ್ತಿದ್ದಿಲ್ಲ.” ಅಂದಿನಿಂದ ಯಾರು ಜೋರಾಗಿ ಮಾತನಾಡಿದರೂ ನಗುವುದನ್ನು ಕಲಿತೆ. ಹೊಸ ಊರಿನಲ್ಲಿ ನನ್ನ ಮೊದಲ ಗೆಲುವು ಅದೆಂದು ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೆ.

ಆ ಮಂಗಳವಾರ ನನ್ನನ್ನು ಅಪಾಯಕ್ಕೆ ನೂಕಿದ್ದು ಆ ನಗುವೇ. ಗಂಗವ್ವ ತರಬೇತಿಗೆ ಹೋಗಿದ್ದಳು. ಕೆಲಸಕ್ಕೆ ಸೇರಿ ಇನ್ನೂ ಕೆಲವೇ ವಾರ, ಉಪಕೇಂದ್ರದ ಊರಿನಲ್ಲೇ ಎಂದೂ ಕಾಲಿಡದ ಓಣಿಯೊಂದಕ್ಕೆ ನಾನೊಬ್ಬಳೇ ಹೋಗಿದ್ದೆ.

“ಯಾರಬೇ ನೀ? ಕೂಸಿಗೆ ಏನ ಕೊಟ್ಟಿ?” ಎಂದು ಒಬ್ಬ ಕೂಗಿದ. ಅವನೇ ಮಗುವಿನ ತಂದೆ ಬಸವರಾಜ, ಟ್ರ್ಯಾಕ್ಟರ್ ಓಡಿಸುವವನು. ಕಾಕೂನ ದನಿಯೂ ಹೀಗೇ ಇರುತ್ತದಲ್ಲ ಎಂದುಕೊಂಡು ನಕ್ಕೆ.

“ಪೆಪ್ಪರಮಿಂಟು ಅಣ್ಣ.”

“ನಗ್ತಾಳ ನೋಡ್ಲೇ! ಮಾತು ಕೇಳು, ಈ ಕಡ್ಯಾಕಿ ಅಲ್ಲ ಇಕಿ.”

ಆ ವಾರವೆಲ್ಲ ಊರಿನ ಫೋನುಗಳಲ್ಲಿ ಒಂದು ಸಂದೇಶ ಓಡಾಡುತ್ತಿತ್ತಂತೆ, ನರ್ಸುಗಳ ವೇಷದಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂದು. ನನಗೆ ಗೊತ್ತಿರಲಿಲ್ಲ. ಊರಿನ ಯಾವ ಮೊಬೈಲ್ ಗುಂಪಿಗೂ ನನ್ನನ್ನು ಇನ್ನೂ ಸೇರಿಸಿರಲಿಲ್ಲ. ಗುರುತಿನ ಚೀಟಿ ತೋರಿಸಿದೆ. “ಇಂಥಾವು ಯಾರ ಬೇಕಾದ್ರೂ ಮಾಡಿಸ್ತಾರ” ಎಂದು ಯಾರೋ ಕಿತ್ತು ಎಸೆದರು. ನಾಲ್ವರು ಇದ್ದವರು ನಲವತ್ತು ಮಂದಿಯಾದರು. ಚೀಲ ಎಳೆದರು, ಬಿ.ಪಿ. ಯಂತ್ರ ಕಲ್ಲಿನ ಮೇಲೆ ಬಿತ್ತು. ನನ್ನ ಜಡೆ ಯಾರದೋ ಕೈಯಲ್ಲಿತ್ತು. ಭುಜಕ್ಕೆ ಏನೋ ಬಡಿಯಿತು. ನೋವು ಗೊತ್ತಾಗಲಿಲ್ಲ, ಅಲ್ಲಿಂದ ಕೆಳಗೆ ಕೈಯೇ ಇಲ್ಲದಂತೆ ಅನಿಸಿತು. ನಗು ಮಾತ್ರ ಇನ್ನೂ ಮುಖದ ಮೇಲೇ ಇತ್ತು. ಅದನ್ನು ತೆಗೆಯುವುದು ಹೇಗೆಂದು ತಿಳಿಯಲಿಲ್ಲ.

ಆಗ ಎದುರು ಮನೆಯಿಂದ ಒಬ್ಬ ಮುದುಕಿ ಬಂದಳು. ಕುಳ್ಳಿ, ಬಾಯಲ್ಲಿ ತಂಬಾಕು, ನಡೆಯುವಾಗ ಒಂದು ಮೊಣಕಾಲು ಮಡಚುತ್ತಿರಲಿಲ್ಲ. ನನ್ನ ಜಡೆ ಹಿಡಿದಿದ್ದ ಕೈಯ ಮೇಲೆ ಪಟ್ಟನೆ ಹೊಡೆದಳು.

“ಬಸ್ಯಾ, ಹುಟ್ಟಿದಾಗ ನೀ ಅತ್ತಿದ್ದಿಲ್ಲ. ಕಾಲು ಹಿಡದು, ಬೆನ್ನಿಗೆ ಬಡದು ಅಳಿಸಿದಾಕಿ ನಾ. ಇವತ್ತೂ ಬಡೀಲೇನು?”

“ಆಯಿ, ನೀ ಬಾಜೂಕ ಸರಿ. ಇಕಿ ಮಕ್ಕಳ ಕಳ್ಳಿ.”

“ನಿಮ್ಮಂಥಾ ಮಕ್ಕಳನ್ನ ಯಾರ ಕದ್ದೊಯ್ತಾರಲೇ! ಒಯ್ದವ್ರು ಮರದಿನಾ ತಂದ ಬಿಟ್ಟ ಹೋಗ್ತಾರ.”

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಆ ಒಂದು ನಗುವಿನ ಸಂದಿನಲ್ಲಿ ಆಕೆ ನನ್ನನ್ನು ಹೊಸ್ತಿಲಿಗೆ ಎಳೆದುಕೊಂಡಳು. ಒಳಗಿನಿಂದ ಮೊರ ತಂದು, ನನ್ನ ದುಪಟ್ಟಾದ ಸೆರಗು ಹಿಡಿಸಿ, ಎಲ್ಲರೂ ನೋಡುತ್ತಿರುವಂತೆ ಐದು ಬೊಗಸೆ ಅಕ್ಕಿ ಸುರಿದಳು. ಉಡಿ ತುಂಬುವುದು ಎನ್ನುತ್ತಾರೆ ಇದಕ್ಕೆ. ಉಡಿ ತುಂಬಿಸಿಕೊಂಡವಳು ಆ ಮನೆಯ ಮಗಳು.

“ಈಗ ಇಕಿ ಹುಸೇನಬಿ ಮಗಳು. ಮುಟ್ಟೂದಿದ್ರ ನನ್ನ ದಾಟಿ ಬರ್ರಿ.”

ಯಾರೂ ದಾಟಲಿಲ್ಲ. ನಮ್ಮ ಕಡೆಯ ಮಡಿಲಕ್ಕಿ ಮಗಳನ್ನು ತವರಿನಿಂದ ಕಳಿಸಿಕೊಡುವಾಗ ಕೊಡುವುದು. ನನಗದು ಒಳಗೆ ಕರೆದುಕೊಳ್ಳುವಾಗ ಸಿಕ್ಕಿತು.

ಚಿಲಕ ಹಾಕಿ ಬಂದು ಆಕೆ ನೀರು ಕೊಟ್ಟಳು. ನನಗೆ ಲೋಟ ಹಿಡಿಯಲಾಗಲಿಲ್ಲ, ಆಕೆಯೇ ಬಾಯಿಗೆ ಹಿಡಿದಳು. “ನೀ ಬಂದು ನನ್ನ ಕೆಲಸಾ ಕಸಗೊಂಡಾಕಿ ಹೌದಿಲ್ಲೋ?” ಎಂದು ಕೇಳಿದಳು. ಹೌದು. ಹುಸೇನಬಿ ಊರಿನ ಸೂಲಗಿತ್ತಿ. ಹೆರಿಗೆಗಳು ಆಸ್ಪತ್ರೆಯಲ್ಲೇ ಆಗಬೇಕೆಂಬ ನೀತಿ ಬಂದ ಮೇಲೆ ಅವಳನ್ನು ಯಾರೂ ಕರೆಯುವುದಿಲ್ಲ. ಹಾಗಿದ್ದೂ ನನ್ನನ್ನೇಕೆ ಉಳಿಸಿದೆ ಎಂದೆ. ಆಕೆ ತಂಬಾಕನ್ನು ಉಗುಳಿ ಬಂದು ಕೂತಳು.

“ನನ್ನ ಸೊಸಿ ನನ್ನ ಕೈಯಾಗ ಹೋದ್ಲು. ರಕ್ತ ನಿಲ್ಲಲಿಲ್ಲ. ಆವಾಗ ನಿನ್ನಂಥಾಕಿ ಒಬ್ಬಾಕಿ ಊರಾಗ ಇದ್ದಿದ್ರ ಉಳೀತಿದ್ಲು.” ಮತ್ತೆ ದನಿ ಏರಿಸಿ, “ಮೊಣಕಾಲ ನೋವಿಗೆ ಗುಳಿಗಿ ಐತೇನು ನಿನ್ನ ಹತ್ರ?” ಅಂದಳು.

ಮಧ್ಯಾಹ್ನ ಪೊಲೀಸರು ಬಂದು ನನ್ನನ್ನು ಕರೆದೊಯ್ದರು, ದೂರು ಬರೆದುಕೊಂಡರು. ನಾನು ರಜೆ ಹಾಕಿ ಊರಿಗೆ ಹೋದೆ. ಒಂಬತ್ತು ದಿನ ಅಮ್ಮನ ಪಕ್ಕದಲ್ಲಿ ಮಲಗಿದೆ, ಒಂದು ದಿನವೂ ಪೂರ್ತಿ ನಿದ್ದೆ ಬರಲಿಲ್ಲ. ನಮ್ಮ ಬೀದಿಯ ಮೃದು ಮಾತುಗಳೂ ಗುಂಪು ಕೂಡುವ ಸದ್ದಿನಂತೆ ಕೇಳುತ್ತಿದ್ದವು. “ಆ ಊರ ಸಾವಾಸ ಬ್ಯಾಡ, ಬಂದ್ಬುಡು ಕೂಸೇ” ಎಂದು ಅಮ್ಮ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಕೆಲಸವನ್ನೂ ಹುಡುಕಿದ್ದಳು. ರಾಜೀನಾಮೆ ಬರೆದು ಚೀಲದಲ್ಲಿಟ್ಟುಕೊಂಡು, ಅದನ್ನು ಕೊಟ್ಟು ಬರಲೆಂದೇ ಹುಬ್ಬಳ್ಳಿಯ ರೈಲು ಹತ್ತಿದೆ.

ಬಂದ ದಿನವೇ ಗ್ರಾಮಸಭೆ ಕರೆದಿದ್ದರು. ನನ್ನ ವಿಷಯಕ್ಕೇ. ಪಂಚಾಯಿತಿ ಅಧ್ಯಕ್ಷೆಯ ಗಂಡ ಎಂದಿನಂತೆ ತಾನೇ ಮಾತನಾಡಲು ಎದ್ದ. ಆಕೆ, “ನೀವು ಕುಂದರ್ರಿ, ಇದು ಹೆಣ್ಣಮಕ್ಕಳ ಮಾತು” ಅಂದಳು. ಅವನು ಕುಳಿತ. ಬಸವರಾಜ ಎಲ್ಲರೆದುರು, “ತಪ್ಪಾತ್ರಿ ಅಕ್ಕಾರ” ಎಂದು ಕೈ ಮುಗಿದ. ಊರ ಮರ್ಯಾದೆಯ ವಿಷಯ, ಮಾತಿನಲ್ಲೇ ಮುಗಿಸೋಣ ಎಂದು ಹಿರಿಯರು ಹೇಳಿದರು. ನಾನು ಎದ್ದು ನಿಂತೆ. ದೂರಿನ ವಿಷಯ ಠಾಣೆಗೆ ಬಿಟ್ಟದ್ದು, ನಾಳೆ ಇನ್ನೊಬ್ಬ ಅಪರಿಚಿತ ಬಂದರೆ ಏನು ಮಾಡುತ್ತೀರಿ, ಅದನ್ನು ಹೇಳಿ ಅಂದೆ.

“ಹುಸೇನಬಿ ಆಯಿ ಅದಾಳಲ್ರಿ” ಎಂದಿತು ಒಂದು ದನಿ.

ಆಯಿ ಬಾಗಿಲ ಬಳಿಯಿಂದಲೇ ಗದರಿದಳು. “ನನಗ ಇರೂದು ಒಂದ ಹೊಸ್ತಿಲಾ. ಊರಿಗೆ ದಾರಿ ನಾಕ ಅದಾವ. ನಾ ಯಾವ್ಯಾವ ದಾರ್ಯಾಗ ನಿಂದರ್ಲಿ? ನಾ ಸತ್ತ ಮ್ಯಾಲ ಏನ ಮಾಡ್ತೀರಿ?”

ಆಮೇಲೆ ಠರಾವು ಆಯಿತು. ಸಭೆಯ ನಿರ್ಣಯಕ್ಕೆ ಇಲ್ಲಿ ಠರಾವು ಎನ್ನುತ್ತಾರೆ. ಗುರುತಿಲ್ಲದವರು ಬಂದರೆ ಯಾರೂ ಕೈ ಮಾಡಬಾರದು, ಪಂಚಾಯಿತಿಯ ಕಟ್ಟೆಗೆ ಕರೆತರಬೇಕು, ಮೊದಲು ನೀರು ಕೊಡಬೇಕು, ಕಚೇರಿಯ ಕಾರಕೂನ ಠಾಣೆಗೆ ಫೋನು ಮಾಡಬೇಕು. ಅದನ್ನು ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸಿದರು. ನನಗೆ ನಾನೇ ಒಂದು ನಿಯಮ ಹಾಕಿಕೊಂಡೆ: ತಾಯಿಯನ್ನು ಕೇಳದೆ ಯಾವ ಮಗುವಿನ ಫೋಟೋವನ್ನೂ ತೆಗೆಯುವುದಿಲ್ಲ. ರಾಜೀನಾಮೆ ಚೀಲದಲ್ಲೇ ಉಳಿಯಿತು. ಗೋಡೆಯ ಮೇಲಿನ ಬಣ್ಣವನ್ನು ನಂಬಲು ನಾನು ಸಿದ್ಧಳಾಗಿರಲಿಲ್ಲ, ಕಾದು ನೋಡುತ್ತೇನೆ ಎಂದಷ್ಟೇ ಅಂದುಕೊಂಡೆ.

ಕೆಲವು ವಾರಗಳ ಮೇಲೆ, ಒಂದು ಮಧ್ಯಾಹ್ನ, ಗುಂಪು ಕೂಡುವ ಆ ಸದ್ದು ಮತ್ತೆ ಕೇಳಿತು. ಹಿಂದಿ ಮಾತನಾಡುವ ಕಂಬಳಿ ಮಾರುವವನೊಬ್ಬ ಬೈಕಿನಲ್ಲಿ ಬಂದಿದ್ದ. ನಾನು ಉಪಕೇಂದ್ರದ ಬಾಗಿಲು ಹಾಕಿ, ಬೆನ್ನು ಕೊಟ್ಟು ಕುಳಿತುಬಿಟ್ಟೆ. ನಾಚಿಕೆಯಾದರೂ ಹೇಳುತ್ತೇನೆ, ಹೋಗಿ ಬಿಡಿಸಬೇಕೆಂದು ನನಗೆ ತೋಚಲಿಲ್ಲ. ಸದ್ದು ಹತ್ತಿರ ಬಂತು. ಕಿಟಕಿಯಲ್ಲಿ ನೋಡಿದರೆ ಅವನನ್ನು ಪಕ್ಕದ ಪಂಚಾಯಿತಿಯ ಕಟ್ಟೆಯ ಮೇಲೆ ಕೂರಿಸಿದ್ದರು. ಒಬ್ಬ ಕೈ ಎತ್ತಿದ. ಬಸವರಾಜ ಆ ಕೈ ಹಿಡಿದು, “ಕೆಳಗ ಇಳಸ್ಲೇ. ಗ್ವಾಡಿ ಮ್ಯಾಲಿಂದು ಓದಾಕ ಬರೂದಿಲ್ಲೇನು?” ಅಂದ. ಕಾರಕೂನ ಫೋನು ಕಿವಿಗಿಟ್ಟುಕೊಂಡಿದ್ದ. ಆಮೇಲೆ ನನ್ನ ಬಾಗಿಲು ಬಡಿದ ಸದ್ದು.

“ಅಕ್ಕಾರ, ಬಸವರಾಜ ನಾನು. ಅಂವಾ ಅಗದಿ ನಡಗಾಕತ್ತಾನ. ಸ್ವಲ್ಪ ಬಿ.ಪಿ. ನೋಡ್ತೀರೇನ್ರಿ?”

ಬಾಗಿಲು ತೆರೆಯಲು ನನಗೆ ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಅವನು ಕಾದ. ಎರಡನೆಯ ಸಲ ಬಡಿಯಲಿಲ್ಲ. ಕಂಬಳಿಯವನ ತೋಳಿಗೆ ಬಿ.ಪಿ. ಯಂತ್ರದ ಪಟ್ಟಿ ಸುತ್ತಿ ನೋಡಿದೆ. ಅವನು ಸೌಮ್ಯವಾಗಿ ಏನೋ ಹೇಳಿದ, ನನಗೆ ಅಕ್ಕತಂಗಿಯರನ್ನು ಕರೆಯುವ ‘ಬೆಹೆನ್’ ಎಂಬುದೊಂದೇ ಅರ್ಥವಾಯಿತು. ಠಾಣೆಯಿಂದ ಬಂದವರು ಅವನ ಕಾಗದ ನೋಡಿ ಬಿಟ್ಟರು. ಹೋಗುವ ಮೊದಲು ಅವನು ಎರಡು ಕಂಬಳಿ ಮಾರಿದ. ಒಂದಕ್ಕೆ ಹುಸೇನಬಿ ಉರ್ದುವಿನಲ್ಲಿ ಜಗಳವಾಡಿ ಅರ್ಧ ಬೆಲೆ ಮಾಡಿಸಿದಳು.

ಆ ದಿನ ಖೋಲಿಗೆ ಬಂದು, ಉಂಡು, ಮಲಗಿದೆ. ಕಣ್ಣು ಬಿಟ್ಟಾಗ ನೆಲದ ಮೇಲೆ ಬಿಸಿಲು ಬಿದ್ದಿತ್ತು. ಒಮ್ಮೆಯೂ ಎಚ್ಚರವಾಗಿರಲಿಲ್ಲ. ಮೊಬೈಲಿನಲ್ಲಿ ಅಮ್ಮನ ಆರು ಕರೆಗಳಿದ್ದವು. ನಾನು ಎಚ್ಚರವಿರುತ್ತೇನೆಂದು ಆಕೆ ಬೆಳಗಿನ ಜಾವವೇ ಫೋನು ಮಾಡುವುದನ್ನು ರೂಢಿ ಮಾಡಿಕೊಂಡಿದ್ದಳು.

“ಯಾಕ್ ಕೂಸೇ, ಎತ್ಲಿಲ್ಲ? ಜೀವ ಹೋದಂಗಾಯ್ತು.”

ಚಾರ್ಜು ಮುಗಿದಿತ್ತು ಎಂದು ಸುಳ್ಳು ಹೇಳಿದೆ. ಆಕೆಯ ಪಕ್ಕದಲ್ಲಿ ಮಲಗಿದಾಗ ಒಂಬತ್ತು ದಿನವೂ ಬಾರದಿದ್ದ ನಿದ್ದೆ, ನನ್ನನ್ನು ಎಳೆದಾಡಿದ ಊರಿಗೆ ಮರಳಿದ ಮೇಲೆ ಬಂತೆಂದು ಹೇಳಲು ನಾಲಿಗೆ ಏಳಲಿಲ್ಲ. ನಾನು ಬರೆದ ಇದು ಅಚ್ಚಾದರೆ ಪಕ್ಕದ ಮನೆಯವರು ಅಮ್ಮನಿಗೆ ಓದಿ ಹೇಳುತ್ತಾರೆ. ಹೇಳಲಿ.